ಸಮಸ್ಯಾಪೂರಣ: ಹಬ್ಬವನೊಲ್ಲೆನೆನುತ್ತಿಹನೊಡೆಯಂ

ಕೊಟ್ಟ ಈ ಕೊನೆಯ ಸಾಲಿಗೆ ಮೇಲಿನ ಮೂರು ಸಾಲು ಕಟ್ಟಿ ಅರ್ಥ ಕೂಡಿಸಬೇಕು. ನಾಲ್ಕು ಮಾತ್ರೆಯ ನಾಲ್ಕು ಗಣ, ನಾಲ್ಕು ಪಾದ. ದ್ವಿತೀಯಾಕ್ಷರ ಪ್ರಾಸ, ಇಲ್ಲಿ ‘ಬ್ಬ’, ತಪ್ಪಬಾರದು. ದೇವರೇ ಹಬ್ಬ ಬೇಡವೆನ್ನುವುದುಂಟೇ? ಉಂಟು. ಕ್ರಿ.ಪೂ. 8ನೇ ಶತಮಾನದ, ಬೈಬಲಿನ ಪ್ರವಾದಿ ಆಮೋಸನ ಬಾಯಲ್ಲಿ ಬಂದದ್ದೇ ಈ ಮಾತು. ದಕ್ಷಿಣದ ಯೆಹೂದ ರಾಜ್ಯದ ತೆಕೋವದವನು, ಕುರಿ ಸಾಕಿಕೊಂಡು, ಅತ್ತಿಮರ ನೋಡಿಕೊಂಡು ಇದ್ದವನು. ಎರಡನೇ ಯಾರೊಬ್ಬಾಮನ ಕಾಲಕ್ಕೆ ಉತ್ತರದ ಇಸ್ರಾಯೇಲಿನಲ್ಲಿ ಸಂಪತ್ತು ತುಂಬಿ ತುಳುಕುತ್ತಿತ್ತು. (ಆ ಹೆಸರಲ್ಲೂ ‘ಬ್ಬ’ ಇದೆ, ಮೂರನೇ ಅಕ್ಷರವಾಗಿ ಕೂತು ಪ್ರಾಸಕ್ಕೆ ಕೈಕೊಟ್ಟಿದೆ.) ದಂತದ ಮಂಚದ ಮೇಲೆ ಒರಗಿದವರನ್ನು ಆಮೋಸ ಬೈದದ್ದು ಉತ್ಪ್ರೇಕ್ಷೆಯಲ್ಲ, ಆ ರಾಜ್ಯದ ರಾಜಧಾನಿ ಸಮಾರ್ಯದ ಉತ್ಖನನದಲ್ಲಿ ಕೆತ್ತನೆಯ ದಂತದ ಚೂರುಗಳು ಸಿಕ್ಕಿವೆ. ಅದೇ ನಾಡಿನಲ್ಲಿ ಬಡವನ ಬೆಲೆ ಒಂದು ಜೊತೆ ಕೆರ. ಇದನ್ನು ಬೇತೇಲಿನ ಗುಡಿಯಲ್ಲೇ ನಿಂತು ಹೇಳಿದವನಿಗೆ ಯಾಜಕ ಅಮಚ್ಯ, ನಿನ್ನೂರಿಗೆ ಹೋಗಿ ಅಲ್ಲೇ ಅನ್ನ ಸಂಪಾದಿಸಿಕೋ ಎಂದ.

ಇನ್ನು ನಿಮ್ಮ ಪೂರಣ ಬರಲಿ.

ಮೊದಲ ಪೂರಣ:

ತಬ್ಬಲಿಯೊತ್ತೆಯ ಬಟ್ಟೆಯ ಹಾಸುತ
ಕೊಬ್ಬಿದ ಕರುವಂ ಬಲಿಗೊಡುತಿರ್ಪಿರಿ
ಅಬ್ಬರದೀ ಕಿನ್ನರಿಯಿನ್ನೇಕೈ
ಹಬ್ಬವನೊಲ್ಲೆನೆನುತ್ತಿಹನೊಡೆಯಂ

ಪೃಚ್ಛಕ (ಸಮಸ್ಯೆ ಕೊಟ್ಟವರು): ಭೇಷ್ ಅಕ್ಕ! ಒತ್ತೆಯಿಟ್ಟವರ ಬಟ್ಟೆಯನ್ನೇ ಬಲಿಪೀಠದ ಪಕ್ಕ ಹಾಸಿ ಮಲಗುತ್ತಾರೆಂಬ ಮಾತು ಮೂಲದಲ್ಲೇ ಇದೆ. ಆದರೆ ತಬ್ಬಲಿ ಆಮೋಸನಲ್ಲಿಲ್ಲ, ಇನ್ನೊಬ್ಬ ಪ್ರವಾದಿ ಯೆಶಾಯನಿಂದ ಎರವಲು ತಂದಿದ್ದೀರಿ.

ಅಕ್ಕ: ಪ್ರಾಸ ಎಳೆದುಕೊಂಡು ಬಂತು ರಾಯರೇ. ಇಬ್ಬರೂ ಹೆಚ್ಚುಕಮ್ಮಿ ಒಂದೇ ಶತಮಾನದವರು, ಬೇಜಾರು ಮಾಡಿಕೊಳ್ಳಲಾರರು.

ಎರಡನೆಯದು:

ಸಬ್ಬತ್ತೆಂದಿಗೆ ಮುಗಿವುದೊ ಎನ್ನುತ
ಹುಬ್ಬಂ ಗಂಟಿಕ್ಕಿದ ಕಿರುಗೊಳಗದ
ಉಬ್ಬಿದ ಹೊಟ್ಟಂ ಗೋದಿಗೆ ಬೆರಸುವ
ಹಬ್ಬವನೊಲ್ಲೆನೆನುತ್ತಿಹನೊಡೆಯಂ

ಪೃಚ್ಛಕ: ಇದು ನನಗೆ ಹೊಳೆದಿರಲಿಲ್ಲ! ಸಮಸ್ಯೆಯನ್ನು ದೇವರಿಂದ ಕಿತ್ತು ಅಂಗಡಿಯ ಒಡೆಯನಿಗೆ ಕೊಟ್ಟಿರಿ. ಅಮಾವಾಸ್ಯೆ ಕಳೆದ ಮರುದಿನದ ಹಬ್ಬ, ವಾರದ ವಿಶ್ರಾಂತಿ ದಿನವಾದ ಸಬ್ಬತ್ತು ಎರಡೂ ಯಾವಾಗ ಮುಗಿದಾವು, ಯಾವಾಗ ಧಾನ್ಯ ಮಾರೇವು ಎಂದು ಚಡಪಡಿಸುವ ವ್ಯಾಪಾರಿಗಳು ಆಮೋಸನ ಗ್ರಂಥದ ಎಂಟನೇ ಅಧ್ಯಾಯದಲ್ಲಿದ್ದಾರೆ. ಅಳೆಯುವ ಕೊಳಗ ಚಿಕ್ಕದು, ಬೆಳ್ಳಿ ತೂಗುವ ಕಲ್ಲು ದೊಡ್ಡದು, ಗೋದಿಯ ಜೊತೆ ಕಸವೂ ಮಾರಾಟಕ್ಕೆ. ದೇವರಿಗೂ ಹಬ್ಬ ಬೇಡ, ವ್ಯಾಪಾರಿಗೂ ಬೇಡ! ಇಂದಿನ ಬಹುಮಾನ ನಿಮ್ಮದೇ ಮೇಷ್ಟ್ರೇ.

ಮೂರನೆಯದು:

ಅಬ್ಬಿಯ ನೀರೊಲು ನೀತಿಯು ಪರಿಯದೆ
ಹೆಬ್ಬಾಗಿಲೊಳೇ ಬಡವನ ಮಾರಲು
ಕಬ್ಬದ ಹಾಡಿಂಗೊಲಿವನೆ ಕೇಳೈ
ಹಬ್ಬವನೊಲ್ಲೆನೆನುತ್ತಿಹನೊಡೆಯಂ

ಮೇಷ್ಟ್ರು: ಮೂರನೇ ಪಾದ ನಮ್ಮೆಲ್ಲರ ಬೆನ್ನಿಗೇ ಬಿತ್ತು. ಊರಬಾಗಿಲಲ್ಲಿ ನ್ಯಾಯ ಕೂಡುತ್ತಿತ್ತೆಂಬುದನ್ನೂ ಹಿಡಿದಿದ್ದೀರಿ. ಅಬ್ಬಿ ಮಾತ್ರ ಮಲೆನಾಡಿನದಾಯಿತಲ್ಲಪ್ಪ. ತೆಕೋವ ಇರುವುದು ಮರುಭೂಮಿಯ ಅಂಚಿನಲ್ಲಿ. ಅಲ್ಲಿಯ ಹಳ್ಳಗಳು ಮಳೆ ಬಂದಾಗ ಧುಮ್ಮಿಕ್ಕಿ, ಆಮೇಲೆ ಬರಿ ಕಲ್ಲು. ಅದಕ್ಕೇ ಅವನು ನೀತಿ ಬತ್ತದ ತೊರೆಯಂತಿರಲಿ ಎಂದದ್ದು.

ಮೂರನೇ ಕವಿ: ಬತ್ತದ ತೊರೆಗೆ ‘ಬ್ಬ’ ಎಲ್ಲಿಂದ ತರಲಿ ಮೇಷ್ಟ್ರೇ? ನೀವೇ ಹುಡುಕಿಕೊಡಿ, ತಿದ್ದುತ್ತೇನೆ.

ಅಕ್ಕ: ಮೂವರೂ ಬೈಗುಳಕ್ಕೇ ನಿಂತೆವು. ಒಳ್ಳೆಯದನ್ನು ಅರಸಿ ಬದುಕಿರಿ ಎಂದೂ ಅವನು ಕರೆದಿದ್ದಾನಲ್ಲ?

ಪೃಚ್ಛಕ: ಅದು ಬಾಕಿ ಉಳಿಯಿತು. ನಾಲ್ಕನೇ ಅಧ್ಯಾಯದಲ್ಲಿ ಬರ, ಬೆಳೆರೋಗ, ಯುದ್ಧ ಒಂದೊಂದನ್ನೂ ಹೇಳಿ, ‘ಆದರೂ ನೀವು ನನ್ನ ಕಡೆ ತಿರುಗಲಿಲ್ಲ’ ಎಂಬ ಪಲ್ಲವಿ ಐದು ಸಲ ಬರುತ್ತದೆ. ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯ ಅಶ್ಶೂರ ಸಾಮ್ರಾಜ್ಯದ ಪಾಲಾಯಿತು. ಮುಂದಿನ ಸಮಸ್ಯೆ, ಇದೇ ಛಂದಸ್ಸು, ದಕಾರ ಪ್ರಾಸ:

ಐದನೆ ಕರೆಗೂ ತಿರುಗದೆ ಪೋದರ್