ಮಣಿ ತುಂಬಿದ ಜೆಲಾಟಿನ್ ಮತ್ತೆ ಹೆಪ್ಪುಗಟ್ಟಿದಾಗ ಮೆತ್ತಗಾಗುವುದೇಕೆ?

ಪ್ರಶ್ನೆ
ನೂರಕ್ಕೆ 5ರಷ್ಟು ಜೆಲಾಟಿನ್ ಇರುವ ದ್ರಾವಣಕ್ಕೆ ಒಟ್ಟು ಗಾತ್ರದ ಐದನೇ ಒಂದು ಪಾಲಿನಷ್ಟು ಗಾಜಿನ ಮಣಿಗಳನ್ನು (ವ್ಯಾಸ 50 ಮೈಕ್ರಾನ್) ಬೆರೆಸಿ, 2 ಸೆಂ.ಮೀ. ಎತ್ತರದ ದಿಂಡುಗಳನ್ನು ಹೆಪ್ಪುಗಟ್ಟಿಸಿ ಮೇಲಿನಿಂದ ಒತ್ತಿ ಪರೀಕ್ಷಿಸುತ್ತಿದ್ದೇನೆ. ಗಟ್ಟಿ ಕಣಗಳು ಬೆರೆತ ಮೆತ್ತನೆಯ ವಸ್ತು ಎಷ್ಟು ಗಡುಸಾಗುತ್ತದೆಂದು ಅಂದಾಜಿಸುವ ಗುತ್ ಮತ್ತು ಗೋಲ್ಡ್ ಅವರ ಸೂತ್ರದಂತೆ ಸ್ಥಿತಿಸ್ಥಾಪಕ ಗುಣಾಂಕವು (ಒತ್ತಿದಾಗ ವಸ್ತು ತೋರುವ ಗಡುಸಿನ ಅಳತೆ) ಬರಿಯ ಜೆಲಾಟಿನ್‌ನದಕ್ಕಿಂತ ಸುಮಾರು 2 ಪಟ್ಟು ಇರಬೇಕು. ಮೊದಲ ಸಲ ಹಾಗೆಯೇ ಬರುತ್ತದೆ. ಅದೇ ದಿಂಡನ್ನು ಅಚ್ಚಿನಲ್ಲಿಯೇ 50 ಡಿಗ್ರಿಯಲ್ಲಿ ಕರಗಿಸಿ ತಣಿಸಿದರೆ ಮಾತ್ರ ಗುಣಾಂಕ ಇಳಿಯುತ್ತದೆ. ಜೆಲಾಟಿನ್ ಕೆಡುತ್ತಿದೆಯೇ?

ಮೊದಲ ಉತ್ತರ
ಮರಳಿ ಕೂಡಿಕೊಳ್ಳುವುದು ಜೆಲಾಟಿನ್‌ನ ಎಳೆಗಳ ಜಾಲವೇ ಹೊರತು ಮಣಿಗಳ ಹಂಚಿಕೆಯಲ್ಲ. ದ್ರವದ ಸ್ನಿಗ್ಧತೆ ನೀರಿನ ಹತ್ತರಷ್ಟೆಂದು ಹಿಡಿದರೂ, ಸ್ಟೋಕ್ಸ್ ನಿಯಮದಂತೆ ಒಂಟಿ ಮಣಿ ಸೆಕೆಂಡಿಗೆ 0.2 ಮಿ.ಮೀ. ಕೆಳಗಿಳಿಯುತ್ತದೆ, ಮಣಿಗಳ ದಟ್ಟಣೆಯ ಅಡ್ಡಿಯನ್ನು ಲೆಕ್ಕಕ್ಕೆ ಸೇರಿಸಿದರೆ 0.07 ಮಿ.ಮೀ. ಆಗಬಹುದು. ಅಂದರೆ ಐದು ನಿಮಿಷದೊಳಗೆ ಬಹುಪಾಲು ಮಣಿಗಳು ತಳದ ಮೂರನೇ ಒಂದು ಭಾಗದಲ್ಲಿ ಸೇರಿಬಿಡುತ್ತವೆ. ಆಗ ಮೇಲಿನ ಮೂರನೇ ಎರಡು ಭಾಗ ಬರಿಯ ಜೆಲ್ ಆಗಿದ್ದು, ಪದರಗಳು ಒಂದರ ಮೇಲೊಂದು ಒತ್ತಿಸಿಕೊಳ್ಳುವುದರಿಂದ, ತಳ ಕಲ್ಲಿನಷ್ಟು ಗಟ್ಟಿಯಾದರೂ ಇಡೀ ದಿಂಡಿನ ಗುಣಾಂಕ ಒಂದೂವರೆ ಪಟ್ಟನ್ನು ಮೀರಲಾರದು. ದಿಂಡನ್ನು ಉದ್ದಕ್ಕೆ ಸೀಳಿ ನೋಡಿ. ಎರಡು ಪದರಗಳ ನಡುವಿನ ಗೆರೆ ಬರಿಗಣ್ಣಿಗೇ ಕಾಣಬೇಕು.

ಎರಡನೆಯ ಉತ್ತರ
ಲೆಕ್ಕವನ್ನು ಒಪ್ಪುತ್ತೇನೆ. ಆದರೂ ಮಣಿಗಳಿಲ್ಲದ ಜೆಲಾಟಿನ್‌ನ ದಿಂಡನ್ನೂ ಅಷ್ಟೇ ಸಲ, ಅಷ್ಟೇ ಹೊತ್ತು ಕರಗಿಸಿ ಅಳೆಯದೆ ತೀರ್ಮಾನಕ್ಕೆ ಬರಬೇಡಿ. 50 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹೆಚ್ಚಿನ ಹಾನಿಯಿಲ್ಲ, ಗಂಟೆಗಟ್ಟಲೆ ಹೆಚ್ಚು ಬಿಸಿಯಲ್ಲಿಟ್ಟರೆ ಅಣುಸರಪಳಿಗಳು ತುಂಡಾಗಿ ಜಾಲ ನಿಜವಾಗಿಯೂ ದುರ್ಬಲವಾಗುತ್ತದೆ. ಇನ್ನೊಂದು ಮುಖ್ಯ ವಿಷಯವೆಂದರೆ ಜೆಲಾಟಿನ್ ತಣಿದ ಮೇಲೂ ದಿನಗಟ್ಟಲೆ ನಿಧಾನವಾಗಿ ಬಿಗಿಯುತ್ತಲೇ ಇರುತ್ತದೆ. ಮೊದಲ ದಿಂಡನ್ನು ಮರುದಿನ, ಎರಡನೆಯದನ್ನು ಎರಡು ಗಂಟೆಯ ನಂತರ ಅಳೆದಿದ್ದರೆ ಹೋಲಿಕೆಯೇ ತಪ್ಪು. ಆವಿಯಾಗಿ ಹೋದ ನೀರು ಇದಕ್ಕೆ ವಿರುದ್ಧವಾಗಿ ಗುಣಾಂಕವನ್ನು ಏರಿಸುತ್ತದೆ, ಆದ್ದರಿಂದ ಪ್ರತಿ ಸಲವೂ ತೂಕ ನೋಡಿ.

ಪ್ರಶ್ನೆ ಕೇಳಿದವರು
ಸೀಳಿ ನೋಡಿದೆ: ತಳದಲ್ಲಿ ಬಿಳಿಯ ಪದರ, ಮೇಲೆ ತಿಳಿ ಜೆಲ್. ಕರಗಿಸಿದ ಮೇಲೆ ನಾನು ಕಲಕುತ್ತಿರಲಿಲ್ಲ. ಇನ್ನು ಮುಂದೆ ಏನು ಮಾಡಲಿ?

ಮೊದಲ ಉತ್ತರದವರು
ಕರಗಿಸಿದ್ದನ್ನು ಹೆಪ್ಪುಗಟ್ಟುವ ಮಟ್ಟಕ್ಕಿಂತ ತುಸುವೇ ಮೇಲಿನವರೆಗೆ ತಣಿಸುತ್ತ, ಗಾಳಿಗುಳ್ಳೆ ಸೇರದಂತೆ ನಿಧಾನವಾಗಿ ಕಲಕಿ, ಮೊದಲೇ ತಣ್ಣಗಾಗಿಸಿದ ಅಚ್ಚಿಗೆ ಸುರಿಯಿರಿ. 10 ಮೈಕ್ರಾನ್ ಮಣಿಗಳಾದರೆ ಇಳಿಯುವ ವೇಗ 25 ಪಟ್ಟು ಕಡಿಮೆಯಾಗುತ್ತದೆ. ಆದರೆ ಅವು ಒಂದಕ್ಕೊಂದು ಅಂಟಿ ಗಂಟಾಗದಂತೆ ನೋಡಿಕೊಳ್ಳಬೇಕಾಗುತ್ತದೆ.