ಮರುಭೂಮಿಯ ಆ ರಾಜ್ಯವನ್ನು ಏನೆಂದು ಕರೆಯೋಣ?

ಮಾನ್ಯರೇ,

ಪಿಯರ್ ಬೆನ್ವಾ ಅವರ 1919ರ ಕಾದಂಬರಿಯನ್ನು ಆಧರಿಸಿ ಜಾಕ್ ಫೇಡರ್ ನಿರ್ದೇಶಿಸಿದ, 1921ರಲ್ಲಿ ತೆರೆಕಂಡ ‘ಲಾತ್ಲಾಂತಿದ್’ ಎಂಬ ಫ್ರೆಂಚ್ ಮೂಕಿಚಿತ್ರವನ್ನು ಕನ್ನಡದಲ್ಲಿ ಪರಿಚಯಿಸುವಾಗ ಅದರ ರಾಜ್ಯಕ್ಕೆ ಯಾವ ವಿಶೇಷಣ ಒಪ್ಪುತ್ತದೆ ಎಂಬ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ಇಬ್ಬರು ಫ್ರೆಂಚ್ ಸೇನಾಧಿಕಾರಿಗಳು ಸಹಾರಾದ ಹೊಗ್ಗಾರ್ ಪರ್ವತಗಳಲ್ಲಿ ರಾಣಿ ಆಂತಿನೇಯಾಳ ಸೆರೆಯಾಳುಗಳಾಗುತ್ತಾರೆ. ಗ್ರೀಕ್ ತತ್ವಜ್ಞಾನಿ ಪ್ಲೇಟೋ ವರ್ಣಿಸಿದ, ಕಡಲಲ್ಲಿ ಮುಳುಗಿತೆನ್ನಲಾದ ದ್ವೀಪ ಅಟ್ಲಾಂಟಿಸ್‌ನ ಉಳಿಕೆಯೇ ಅವಳ ನಾಡು.

ಇಂಥ ಕಥೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಕಳೆದುಹೋದ ರಾಜ್ಯ’ ಎನ್ನುತ್ತಾರೆ. ವಸ್ತು ಕಳೆಯಬಹುದು, ಜಾತ್ರೆಯಲ್ಲಿ ಮಗು ಕಳೆದುಹೋಗಬಹುದು. ಆದರೆ ರಾಣಿ, ಪರಿವಾರ, ಅರಮನೆ ಎಲ್ಲವೂ ಇದ್ದು ಆಳ್ವಿಕೆ ನಡೆಯುತ್ತಿರುವ ನಾಡು ಹೊರಗಿನವರಿಗೆ ಕಾಣದಿದ್ದ ಮಾತ್ರಕ್ಕೆ ಕಳೆದುಹೋಯಿತು ಎನ್ನುವುದು ನನಗೆ ಸರಿಯೆನಿಸುವುದಿಲ್ಲ. ‘ಅಳಿದ’, ‘ಹಾಳಾದ’ ಎಂಬ ಪದಗಳು ಹಾಳು ಹಂಪೆಗೆ ಸಲ್ಲುತ್ತವೆ, ಇಲ್ಲಿಗಲ್ಲ. ‘ತಲಕಾಡು ಮರಳಾಗಿ’ ಎಂಬ ಶಾಪದ ಮಾತಿನ ಬಲದಿಂದ ‘ಮರಳಾದ ರಾಜ್ಯ’ ಎನ್ನಲು ಮನಸ್ಸಾಗುತ್ತದೆಯಾದರೂ ತಲಕಾಡಿನ ಗುಡಿಗಳು ನಿಜಕ್ಕೂ ಮರಳಿನಡಿ ಹೂತಿದ್ದವು, ಆಂತಿನೇಯಾಳ ಅರಮನೆ ಹೂತಿಲ್ಲ. ‘ಮುಳುಗಿದ’ ಎಂಬುದಂತೂ ಕಥೆಗೇ ವಿರುದ್ಧ: ಬೆನ್ವಾ ಅವರ ಕಲ್ಪನೆಯಲ್ಲಿ ಅಟ್ಲಾಂಟಿಸ್ ಕಡಲಿನಲ್ಲಿ ಮುಳುಗಲಿಲ್ಲ, ಅದರ ಸುತ್ತಲಿದ್ದ ಕಡಲೇ ಹಿಂದೆ ಸರಿದು ಮರುಭೂಮಿಯಾಯಿತು. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಊಹೆ ಇದು.

‘ಮರಳುಗಾಡು’ ಮತ್ತು ‘ಮರುಭೂಮಿ’ಗಳ ನಡುವೆಯೂ ಆಯ್ಕೆ ಬೇಕಾಗಿದೆ. ಫೇಡರ್ ಸ್ಟುಡಿಯೋದಲ್ಲಿ ಮರಳು ಹರಡದೆ ತಮ್ಮ ತಂಡವನ್ನು ಆಲ್ಜೀರಿಯಾಕ್ಕೇ ಕರೆದೊಯ್ದು ಚಿತ್ರೀಕರಿಸಿದರು; ಪಯಣದ ದೃಶ್ಯಗಳಲ್ಲಿ ಮರಳೇ ಒಂದು ಪಾತ್ರವೆನ್ನುವಷ್ಟು ತುಂಬಿಕೊಂಡಿರುವುದರಿಂದ ಅಲ್ಲಿಗೆ ‘ಮರಳುಗಾಡು’ ಹಿತವಾಗಿದೆ. ಆದರೆ ಕಥೆಯ ಹೊಗ್ಗಾರ್ ಸುಮಾರು 2,900 ಮೀಟರ್‌ವರೆಗೆ ಏರುವ ಬಂಡೆಗಳ ಸೀಮೆ. ನೀರಿಲ್ಲದ ನೆಲವೆಂಬ ಅರ್ಥದ ‘ಮರು’ ಮರಳಿಗೂ ಬಂಡೆಗೂ ಸಲ್ಲುವುದರಿಂದ ರಾಜ್ಯದ ಮಾತು ಬಂದಾಗ ‘ಮರುಭೂಮಿ’ಯೇ ಇರಲಿ ಎಂದು ನನ್ನ ನಿಲುವು.

ಸದ್ಯಕ್ಕೆ ‘ಮರುಭೂಮಿಯ ಮರೆಯ ರಾಜ್ಯ’ ಎಂದು ಬರೆದಿಟ್ಟುಕೊಂಡಿದ್ದೇನೆ. ‘ಮರೆಯ’ ಎಂಬುದನ್ನು ಓದುಗರು ‘ಮರೆತ’ ಎಂದು ತಿಳಿಯುವ ಸಾಧ್ಯತೆಯಿದೆಯೇ? ‘ಗುಪ್ತ ರಾಜ್ಯ’ವೆಂದರೆ ಗುಪ್ತ ವಂಶದ ನೆನಪು ಬರುವುದರಿಂದ ಅದನ್ನು ಬಿಟ್ಟಿದ್ದೇನೆ. ಜನರ ಕಣ್ಣಿಗೆ ಬೀಳದೆ ಬಾಳುತ್ತಿರುವ ನಾಡಿಗೆ ನಮ್ಮ ಅಜ್ಜಿಕಥೆಗಳಲ್ಲಾಗಲಿ ಹಳಗನ್ನಡ ಕಾವ್ಯಗಳಲ್ಲಾಗಲಿ ಬಳಕೆಯಾದ ಮಾತು ತಮ್ಮ ಗಮನದಲ್ಲಿದ್ದರೆ, ಅದು ಬಂದಿರುವ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.