ಪಾಂಡವಪುರದ ಆಸುಪಾಸಿನಲ್ಲಿ ಗ್ರಾವೆಲ್ ಸೈಕಲ್‌ಗೆ ಒಗ್ಗುವ ಮಣ್ಣುದಾರಿಗಳು ಯಾವುವು?

ಪ್ರಶ್ನೆ:
ನಮಸ್ಕಾರ. ಹೆದ್ದಾರಿಯ ಗದ್ದಲದಿಂದ ದೂರವಿರುವ, ಏರಿಳಿತ ಹಿತಮಿತವಾಗಿರುವ ಮಣ್ಣುದಾರಿಗಳನ್ನು ಪಾಂಡವಪುರದ ಸುತ್ತ ಹುಡುಕುತ್ತಿದ್ದೇನೆ. ನನ್ನದು ಮಣ್ಣು, ಜಲ್ಲಿ ದಾರಿಗಳಿಗೂ ಒಗ್ಗುವ ಗ್ರಾವೆಲ್ ಸೈಕಲ್; ಅದಕ್ಕೆ 40 ಮಿ.ಮೀ. ಅಗಲದ ಟೈರುಗಳಿವೆ. ಒಂದೇ ದಿನದಲ್ಲಿ ಮುಗಿಯುವ ಮಾರ್ಗವನ್ನೂ ಸೂಕ್ತ ಕಾಲವನ್ನೂ ದಯವಿಟ್ಟು ತಿಳಿಸುವಿರಾ?

ಉತ್ತರ 1:
ಪಾಂಡವಪುರ ರೈಲು ನಿಲ್ದಾಣದಿಂದ ಹೊರಟು, ಕುಂತಿಬೆಟ್ಟದ ಬುಡವನ್ನು ಬಳಸಿಕೊಂಡು ಕೆರೆತೊಣ್ಣೂರಿಗೆ ಹೋಗಿ, ಅಲ್ಲಿಂದ ಹೊಲಗಳ ನಡುವಿನ ಬಂಡಿದಾರಿಗಳಲ್ಲಿ ಮೇಲುಕೋಟೆಯ ದಿಕ್ಕಿಗೆ ಸಾಗುವುದು ನನಗೆ ಎಲ್ಲಕ್ಕಿಂತ ಪ್ರಿಯವಾದ ಮಾರ್ಗ. ಮೇಲುಕೋಟೆಯ ಕೊನೆಯ ಏರು ಮಾತ್ರ ಕಡಿದಾಗಿದೆ. ನಿಮಗೆ ಅದು ಬೇಡವೆನಿಸಿದರೆ ತೊಣ್ಣೂರು ಕೆರೆಯ ಏರಿಯ ಮೇಲೆ ದಣಿವಾರಿಸಿಕೊಂಡು ಹಿಂದಿರುಗಿದರೂ ನಷ್ಟವೇನಿಲ್ಲ.

ಉತ್ತರ 2:
ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಆದರೆ ಅದು ಸುಗ್ಗಿಯ ಕಾಲವೂ ಹೌದು. ಊರ ಬಳಿಯ ರಸ್ತೆಗಳಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗಾಗಿ ಹರಡಿರುತ್ತಾರೆ. ಹುರುಳಿಯ ಬಳ್ಳಿ ಹಿಂಗಾಲಿಯ ಗೇರಿಗೆ ಸುತ್ತಿಕೊಂಡರೆ ಚೈನು ಕಚ್ಚಿ ಡಿರೇಲರ್ (ಗೇರು ಬದಲಿಸುವ ಭಾಗ) ಮುರಿಯುವ ಸಂಭವವಿರುವುದರಿಂದ, ಇಳಿದು ಬದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದೇ ಸರಿ. ರೈತರ ಬೆಳೆಗೂ ಅದೇ ಮರ್ಯಾದೆ. ಜಾಲಿಮುಳ್ಳಿನ ಕಾಟ ಹೆಚ್ಚಾದ್ದರಿಂದ ಟ್ಯೂಬ್‌ಲೆಸ್ ಟೈರಿನೊಳಗೆ ಸೀಲಂಟ್ (ತೂತನ್ನು ತಾನೇ ಮುಚ್ಚುವ ದ್ರವ) ತಪ್ಪದೆ ಇರಲಿ.

ಉತ್ತರ 3:
ವಿಶ್ವೇಶ್ವರಯ್ಯ ನಾಲೆಯ ಏರಿಯ ದಾರಿಯೂ ಬಹುತೇಕ ಸಮತಟ್ಟಾಗಿದ್ದು, ಕಬ್ಬು ಮತ್ತು ಭತ್ತದ ಗದ್ದೆಗಳ ಮಗ್ಗುಲಲ್ಲೇ ಸಾಗುತ್ತದೆ. ಹಲವೆಡೆ ತಡೆಗೋಡೆಯಿಲ್ಲ. 2018ರಲ್ಲಿ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ಅಸುನೀಗಿದರು. ಆದ್ದರಿಂದ ಕತ್ತಲಾದ ಮೇಲೆ ಮತ್ತು ಮಳೆ ಬಿದ್ದು ಮಣ್ಣು ಜಾರುವಾಗ ಆ ದಾರಿಯನ್ನು ಖಂಡಿತವಾಗಿ ಹಿಡಿಯಬೇಡಿ.